ಗುಂಡಿ ದಾರ ಮಾರುವವನು ಸಾವಿನ ಲೆಕ್ಕ ನೋಡಿದ ಬಗೆ

ಗುರುವಾರ ಬಂತೆಂದರೆ ಲಂಡನ್ನಿನಲ್ಲಿ ಒಂದು ಹಾಳೆ ಹಂಚುತ್ತಿದ್ದರು. ವರ್ಷಕ್ಕೆ 4 ಶಿಲಿಂಗ್ ಚಂದಾ ಕಟ್ಟಿದವರಿಗೆ ಅದು ಮನೆಗೇ ಬರುತ್ತಿತ್ತು. ಹೋದ ವಾರ ಊರಲ್ಲಿ ಎಷ್ಟು ಜನ ಸತ್ತರು, ಯಾವ ಕಾಯಿಲೆಗೆ ಎಷ್ಟೆಷ್ಟು, ಎಷ್ಟು ಕೂಸುಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಆಯಿತು, ಇಷ್ಟೇ ಅದರಲ್ಲಿ ಇರುತ್ತಿದ್ದದ್ದು. ಬಿಲ್ ಆಫ್ ಮಾರ್ಟಾಲಿಟಿ ಅಂತ ಅದರ ಹೆಸರು. ನಾವು ಸಾವಿನ ಪಟ್ಟಿ ಅನ್ನೋಣ.

ಜನ ಮೊದಲು ನೋಡುತ್ತಿದ್ದದ್ದು ಕೊನೆಯ ಮೊತ್ತ. ಹೋದ ವಾರಕ್ಕಿಂತ ಜಾಸ್ತಿಯೋ ಕಡಿಮೆಯೋ? ಆಮೇಲೆ ವಿಚಿತ್ರವಾದ ಸಾವು ಏನಾದರೂ ಇದೆಯಾ ಅಂತ ಕಣ್ಣಾಡಿಸುತ್ತಿದ್ದರು, ನಾಲ್ಕು ಜನ ಸೇರಿದ ಕಡೆ ಹೇಳುವುದಕ್ಕೆ ಏನಾದರೂ ಬೇಕಲ್ಲ. ಪ್ಲೇಗ್ ಬಂದಾಗ ಮಾತ್ರ ಓದು ಬಿಗಿಯಾಗುತ್ತಿತ್ತು. ದುಡ್ಡಿದ್ದವರು ಊರು ಬಿಡಬೇಕಾ ಅಂತ ನೋಡುತ್ತಿದ್ದರು, ಅಂಗಡಿಯವರು ಮುಂದಿನ ವಾರ ವ್ಯಾಪಾರ ಹೇಗಿರಬಹುದು ಅಂತ ನೋಡುತ್ತಿದ್ದರು. ಓದಿ ಮುಗಿದರೆ ಹಾಳೆಯ ಕೆಲಸ ಮುಗಿಯಿತು.

ಇದನ್ನೆಲ್ಲ ಬರೆದಿಟ್ಟವನು ಜಾನ್ ಗ್ರಾಂಟ್. ಅವನೂ ಅಂಗಡಿಯವನೇ. 1620ರಲ್ಲಿ ಲಂಡನ್ನಿನ ಬರ್ಚಿನ್ ಲೇನ್ ಅನ್ನುವ ಬೀದಿಯಲ್ಲಿ ಹುಟ್ಟಿದ. ಗುಂಡಿ, ದಾರ, ರಿಬ್ಬನ್ನು, ಇಂಥ ಸಣ್ಣಪುಟ್ಟ ಸಾಮಾನಿನ ವ್ಯಾಪಾರ. ಕಾಲೇಜು ಕಂಡವನಲ್ಲ. ಊರಿನ ಕಾವಲು ಪಡೆಯಲ್ಲಿ ಕ್ಯಾಪ್ಟನ್ ಆಗಿ, ಆಮೇಲೆ ಮೇಜರ್ ಕೂಡ ಆದ. ನಾಲ್ಕು ಜನ ನ್ಯಾಯ ಹೇಳು ಅಂತ ಕರೆಯುವಂಥ ಮನುಷ್ಯ. ಬೇರೆಯವರು ಓದಿ ಬಿಸಾಡುತ್ತಿದ್ದ ಹಾಳೆಗಳನ್ನು ಅವನು ಕೂಡಿಹಾಕಿದ. ಹಳೆಯ ವರ್ಷಗಳದ್ದನ್ನೂ ಹುಡುಕಿ ತಂದ. 1662ರಲ್ಲಿ ಅವುಗಳ ಮೇಲೆ ಒಂದು ಚಿಕ್ಕ ಪುಸ್ತಕ ಬರೆದ. ಹೆಸರು ಮಾತ್ರ ಮಾರುದ್ದ. ಚುಟುಕಾಗಿ ಹೇಳಿದರೆ 'ಸಾವಿನ ಪಟ್ಟಿಗಳ ಮೇಲೆ ಕೆಲವು ಸ್ವಾಭಾವಿಕ ಮತ್ತು ರಾಜಕೀಯ ಅವಲೋಕನಗಳು'.

ಸಂಖ್ಯಾಶಾಸ್ತ್ರ ಶುರುವಾದದ್ದು ಈ ಪುಸ್ತಕದಿಂದ ಅಂತ ಬಹಳ ಜನ ಹೇಳುತ್ತಾರೆ. (ಸಂಖ್ಯಾಶಾಸ್ತ್ರ ಅಂದರೆ ಇಲ್ಲಿ ಹೆಸರಿಗೆ ಇನ್ನೊಂದು ಅಕ್ಷರ ಸೇರಿಸಿ ಅದೃಷ್ಟ ತಿದ್ದುವ ನ್ಯೂಮರಾಲಜಿ ಅಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಅಂಟಿಕೊಂಡಿದೆ, ಏನು ಮಾಡುವುದು.) ನನಗೂ ಆ ಮಾತು ಒಪ್ಪಿಗೆ. ಆದರೆ ಇದರಲ್ಲಿರುವ ಗಣಿತಕ್ಕಾಗಿ ಅಲ್ಲ. ಗಣಿತ ಅಂತ ಇರುವುದು ಕೂಡುವುದು, ಕಳೆಯುವುದು, ಭಾಗಿಸುವುದು ಅಷ್ಟೇ. ತನ್ನದು 'ಅಂಗಡಿ ಲೆಕ್ಕ' ಅಂತ ಅವನೇ ಹೇಳಿಕೊಂಡಿದ್ದಾನೆ. ನನಗೆ ಅಚ್ಚರಿ ಅನ್ನಿಸುವುದು ಅವನಿಗೆ ಆ ಪಟ್ಟಿಯ ಮೇಲೆ ಇದ್ದ ಅನುಮಾನ. ಪಟ್ಟಿಯನ್ನು ಅವನು ಪೂರ್ತಿ ನಂಬಲಿಲ್ಲ. ನಂಬಲಿಲ್ಲ ಅಂತ ಎಸೆಯಲೂ ಇಲ್ಲ. ಸಾಲು ಸಾಲಾಗಿ ಕೂತು, ಇದನ್ನು ಎಷ್ಟು ನಂಬಬಹುದು, ಅದನ್ನು ಎಷ್ಟು ನಂಬಬಹುದು ಅಂತ ತೂಗಿದ. ಸಾಲದ ಪುಸ್ತಕ ಇಟ್ಟ ಯಾವ ಅಂಗಡಿಯವನಿಗಾದರೂ ಈ ಬುದ್ಧಿ ಇರುತ್ತದೆ, ಅಲ್ವಾ? ಅದನ್ನು ಊರಿನ ಸಾವಿಗೆ ಹಚ್ಚಿದ್ದು ಹೊಸದು.

ಹೆಣ ನೋಡುವ ಹೆಂಗಸರು

ಮೊದಲು ಈ ಪಟ್ಟಿ ತಯಾರಾಗುತ್ತಿದ್ದದ್ದು ಹೇಗೆ ನೋಡೋಣ. ಗ್ರಾಂಟ್ ಕೂಡ ಅಲ್ಲಿಂದಲೇ ಶುರು ಮಾಡುತ್ತಾನೆ.

ಯಾರಾದರೂ ಸತ್ತರೆ ಚರ್ಚಿನ ಗಂಟೆ ಬಾರಿಸುತ್ತಿದ್ದರು. ಇಲ್ಲವಾದರೆ ಗುಂಡಿ ತೆಗೆಯಿಸಲು ಮನೆಯವರು ಹೋದಾಗ ಸುದ್ದಿ ಗೊತ್ತಾಗುತ್ತಿತ್ತು. ಆಗ ಆ ಪ್ಯಾರಿಷ್‌ನ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಕೇರಿಯ, 'ಸರ್ಚರ್'ಗಳು ಹೆಣ ನೋಡಲು ಬರುತ್ತಿದ್ದರು. ಇವರು ವಯಸ್ಸಾದ ಹೆಂಗಸರು. ಪ್ರಮಾಣ ಮಾಡಿಸಿ ಈ ಕೆಲಸಕ್ಕೆ ಇಟ್ಟುಕೊಂಡಿರುತ್ತಿದ್ದರು. ವೈದ್ಯ ಓದಿದವರಲ್ಲ. ಹೆಣ ನೋಡಿ, ಮನೆಯವರನ್ನು ಕೇಳಿ, ಯಾವ ಕಾಯಿಲೆ ಅಂತ ತೀರ್ಮಾನಿಸಿ ಪ್ಯಾರಿಷ್ ಗುಮಾಸ್ತನಿಗೆ ಹೇಳುವುದು ಅವರ ಕೆಲಸ. ಗುಮಾಸ್ತ ಮಂಗಳವಾರ ರಾತ್ರಿ ವಾರದ ಲೆಕ್ಕವನ್ನು ಗುಮಾಸ್ತರ ಸಂಘದ ಕಚೇರಿಗೆ ಒಪ್ಪಿಸುತ್ತಿದ್ದ. ಬುಧವಾರ ಎಲ್ಲವನ್ನೂ ಕೂಡಿ ಅಚ್ಚು ಹಾಕುತ್ತಿದ್ದರು. ಗುರುವಾರ ಹಂಚಿಕೆ.

ಪ್ಲೇಗ್ ಕಾಲದಲ್ಲಿ ಶುರುವಾದ ಈ ಏರ್ಪಾಡು 1603ರ ಕೊನೆಯಿಂದ ತಪ್ಪದೆ ನಡೆದು ಬಂದಿತ್ತು. 1629ರಿಂದ ಬೇರೆ ಕಾಯಿಲೆಗಳ ಹೆಸರೂ ಅಚ್ಚಾಗತೊಡಗಿತು. ಸತ್ತವರ ವಯಸ್ಸು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1632ರ ಇಡೀ ವರ್ಷದ ಪಟ್ಟಿಯನ್ನು ಗ್ರಾಂಟ್ ಮಾದರಿಗೆ ಅಂತ ಪುಸ್ತಕದಲ್ಲಿ ಕೊಟ್ಟಿದ್ದಾನೆ. 122 ಪ್ಯಾರಿಷ್‌ಗಳಲ್ಲಿ ಒಟ್ಟು 9,535 ಸಾವು. ಕ್ಷಯ 1,797. ಮುಪ್ಪು 628. ಹಲ್ಲು 470, ಅಂದರೆ ಹಲ್ಲು ಬರುವ ವಯಸ್ಸಿನಲ್ಲಿ ಸತ್ತ ಕೂಸುಗಳು. ಶ್ವಾಸಕೋಶ ಮೇಲಕ್ಕೆದ್ದದ್ದು 98. ರಾಜನು ಮುಟ್ಟಿದರೆ ವಾಸಿಯಾಗುತ್ತದೆ ಅಂತ ನಂಬಿದ್ದ 'ರಾಜನ ಕಾಯಿಲೆ' 38. ದುಃಖ 11. ಹುಚ್ಚುನಾಯಿ ಕಡಿತ 1. ಪ್ಲೇಗ್ ಆ ವರ್ಷ ಬರೀ 8. ಇವುಗಳ ನಡುವೆ 'ಗ್ರಹ' ಅಂತಲೂ ಒಂದು ಸಾಲಿದೆ: 13 ಜನ. ಇದ್ದಕ್ಕಿದ್ದಂತೆ ಬಿದ್ದು ಸತ್ತವರಿಗೆ ಗ್ರಹ ಬಡಿಯಿತು ಅನ್ನುವುದು ಅಲ್ಲಿನ ಮಾತು. ಗ್ರಹ ಬಡಿದಂತೆ ಕೂತಿದ್ದೀಯಲ್ಲ ಅಂತ ಬೈಸಿಕೊಂಡು ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಪಟ್ಟಿ ನೋಡಿದರೆ ಓದಿದವರಿಗೆ ನಗು ಬರುವುದು ಸಹಜ. ಅಕ್ಷರ ಬಾರದ ಮುದುಕಿಯರು ಹೇಳಿದ ಕಾಯಿಲೆ, ಅದನ್ನು ಹಿಡಿದು ಏನು ಮಾಡುವುದು? ಗ್ರಾಂಟ್ ಈ ಪ್ರಶ್ನೆಯನ್ನು ತಾನೇ ಎತ್ತುತ್ತಾನೆ. ಅವನ ಉತ್ತರ ಹೀಗಿದೆ. ನೀರಲ್ಲಿ ಮುಳುಗಿ ಸತ್ತದ್ದನ್ನು, ಕೊಲೆಯಾದದ್ದನ್ನು, ಕೂಸು ಹುಟ್ಟುವಾಗಲೇ ಸತ್ತದ್ದನ್ನು ಹೇಳಲು ಡಾಕ್ಟರ್ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಸತ್ತವನು ತೀರಾ ಮುದುಕ ಅನ್ನುವುದೂ ಹಾಗೇ. ಕ್ಷಯ ಅಂತ ಬರೆದಲ್ಲಿ ಅದು ನಿಜಕ್ಕೂ ವೈದ್ಯರು ಹೇಳುವ ಕ್ಷಯವೇ ಆಗಿರಬೇಕೆಂದಿಲ್ಲ. ಮೈ ಬತ್ತಿ ಎಲುಬು ಕಾಣುವಂತಾಗಿ ಸತ್ತ ಅಂತ ತಿಳಿದರೆ ಅವನ ಲೆಕ್ಕಕ್ಕೆ ಅಷ್ಟು ಸಾಕು. ಯಾವ ಸಾಲಿನಲ್ಲಿ ಮುದುಕಿಯ ಕಣ್ಣು ಸಾಕು, ಯಾವ ಸಾಲಿನಲ್ಲಿ ಸಾಲದು ಅಂತ ಬೇರೆ ಬೇರೆ ಮಾಡಿದ.

ಸಾಲದು ಅನ್ನುವುದಕ್ಕೆ ಅವನು ಕೊಡುವ ಉದಾಹರಣೆ ಚೆನ್ನಾಗಿದೆ.

ಮೂಗು ಕೊಳೆತವರು ಮಾತ್ರ

ಅವನ ಕೈಯಲ್ಲಿದ್ದ 20 ವರ್ಷದ ಪಟ್ಟಿಗಳಲ್ಲಿ (1629ರಿಂದ 1636, ಮತ್ತೆ 1647ರಿಂದ 1658) ಒಟ್ಟು 2,29,250 ಸಾವುಗಳಿದ್ದವು. ಅದರಲ್ಲಿ ಫ್ರೆಂಚ್ ಪಾಕ್ಸ್, ಅಂದರೆ ಈಗಿನ ಸಿಫಿಲಿಸ್, 392. ಊರಲ್ಲಿ ಆ ಕಾಯಿಲೆ ಎಷ್ಟು ಹರಡಿದೆ ಅಂತ ಎಲ್ಲರಿಗೂ ಗೊತ್ತು. ಹಾಗಿದ್ದರೆ ಇಷ್ಟು ಕಡಿಮೆ ಯಾಕೆ? ಗ್ರಾಂಟ್ ಪ್ಯಾರಿಷ್‌ವಾರು ಬಿಡಿಸಿ ನೋಡಿದ. ಹೆಚ್ಚೂಕಡಿಮೆ ಎಲ್ಲವೂ ಎರಡೇ ಕಡೆಯಿಂದ ಬಂದಿದ್ದವು: ಸೇಂಟ್ ಜೈಲ್ಸ್ ಮತ್ತು ಸೇಂಟ್ ಮಾರ್ಟಿನ್ಸ್. ಎರಡೂ ಸೂಳೆಗೇರಿಗಳಿದ್ದ ಬಡ ಜಾಗಗಳು. ಉಳಿದ ಊರೆಲ್ಲ ಶುದ್ಧವೇ?

ಆಮೇಲೆ ಅವನು ವಿಚಾರಿಸಿದ. ಹೆಣ ನೋಡುವ ಹೆಂಗಸಿಗೆ ಒಂದು ಹೆಣಕ್ಕೆ ಒಂದು ಗ್ರೋಟ್, ಅಂದರೆ 4 ಪೆನ್ಸ್, ಸಿಗುತ್ತಿತ್ತು. ಮನೆಯವರು ಒಂದು ಲೋಟ ಏಲ್, ಅಂದರೆ ಒಂದು ಬಗೆಯ ಬಿಯರ್, ಕುಡಿಸಿ, ಒಂದರ ಬದಲು ಎರಡು ಗ್ರೋಟ್ ಕೈಗಿಟ್ಟರೆ, ಮೈ ಬತ್ತಿದ ಹೆಣಕ್ಕೆ ಅವಳು ಯಾವ ಹೆಸರು ಕೊಡುತ್ತಾಳೆ? ಕ್ಷಯ ಅನ್ನುತ್ತಾಳೆ. ಎಲ್ಲರೂ ಕೈಬಿಟ್ಟವರು, ಮೂಗೇ ಕೊಳೆತು ಹೋದವರು, ಮುಚ್ಚಿಡಲು ದುಡ್ಡು ಕೊಡುವ ದಿಕ್ಕಿಲ್ಲದವರು, ಇವರು ಮಾತ್ರ ಪಾಕ್ಸ್ ಅನ್ನುವ ಸಾಲಿಗೆ ಬಂದು ಬೀಳುತ್ತಿದ್ದರು ಅನ್ನುತ್ತಾನೆ ಗ್ರಾಂಟ್. ಕ್ಷಯದ ಸಾಲಿನಲ್ಲಿ 44,487 ಜನ ಇದ್ದರು. ಐದರಲ್ಲಿ ಒಂದು ಸಾವು. ಅಷ್ಟು ದೊಡ್ಡ ಸಾಲಿನಲ್ಲಿ ಏನನ್ನು ಬೇಕಾದರೂ ಅಡಗಿಸಬಹುದು.

ನನಗೆ ಇಡೀ ಪುಸ್ತಕದಲ್ಲಿ ಬಹಳ ಹಿಡಿಸಿದ ಜಾಗ ಇದು. ಅಂಕಿ ತಪ್ಪು ಅಂತ ಹೇಳುವುದು ಸುಲಭ. ಅದು ಯಾವ ದಿಕ್ಕಿಗೆ ತಪ್ಪಿದೆ, ಯಾರ ಕೈಯಲ್ಲಿ ತಪ್ಪಿತು, ಅದಕ್ಕೆ ಎಷ್ಟು ರೇಟು, ತಪ್ಪಿದ್ದು ಹೋಗಿ ಎಲ್ಲಿ ಕೂತಿದೆ ಅಂತ ಹೇಳುವುದು ಬೇರೆ ಕೆಲಸ.

ಪ್ಲೇಗಿನ ಲೆಕ್ಕವನ್ನೂ ಹೀಗೇ ಹಿಡಿದ. 1625 ಭಾರೀ ಪ್ಲೇಗಿನ ವರ್ಷ. ಪಟ್ಟಿಯ ಪ್ರಕಾರ ಒಟ್ಟು ಸಾವು 54,265, ಅದರಲ್ಲಿ ಪ್ಲೇಗ್ 35,417. ಎಲ್ಲರೂ ಈ ಎರಡನೇ ಅಂಕಿಯನ್ನು ಹೇಳಿ ಸುಮ್ಮನಾಗುತ್ತಿದ್ದರು. ಗ್ರಾಂಟ್ ಕಳೆದು ನೋಡಿದ. ಉಳಿದದ್ದು 18,848. ಹಿಂದಿನ, ಮುಂದಿನ ವರ್ಷಗಳಲ್ಲಿ ಮಾಮೂಲಿ ಕಾಯಿಲೆಗಳಿಗೆ ಸಾಯುತ್ತಿದ್ದವರು 7-8 ಸಾವಿರ. ಪ್ಲೇಗ್ ಬಂದ ವರ್ಷವೇ ಉಳಿದ ಕಾಯಿಲೆಗಳೂ ಸೇರಿ ಎರಡು ಪಟ್ಟು ಜಾಸ್ತಿಯಾದವೇ? ಇಲ್ಲ. ಪ್ಲೇಗ್ ಅಂತ ಬರೆಸಿದರೆ ಮನೆಗೆ ಬೀಗ ಹಾಕಿ, ಒಳಗಿದ್ದವರನ್ನು ಒಳಗೇ ಕೂಡಿಹಾಕುತ್ತಿದ್ದರು. ಜನ ಬೇರೆ ಹೆಸರು ಬರೆಸಿದರು. ಹೆಚ್ಚುವರಿ 11 ಸಾವಿರವನ್ನು ಪ್ಲೇಗಿಗೇ ಸೇರಿಸಬೇಕು ಅಂದ ಅವನು. ಅಂದರೆ ಪ್ಲೇಗಿನ ನಾಲ್ಕು ಸಾವಿನಲ್ಲಿ ಒಂದು ಮುಚ್ಚಿಹೋಗಿತ್ತು.

ಕೋವಿಡ್ ಕಾಲದಲ್ಲಿ 'ಹೆಚ್ಚುವರಿ ಸಾವು' ಅನ್ನುವ ಮಾತು ಪೇಪರಿನಲ್ಲಿ ಬಂದದ್ದು ನೆನಪಿರಬಹುದು. ಸರ್ಕಾರ ಕೋವಿಡ್ ಅಂತ ಒಪ್ಪಿಕೊಂಡ ಸಾವು ಎಷ್ಟೋ ಇರಲಿ, ಮಾಮೂಲಿ ವರ್ಷಕ್ಕಿಂತ ಒಟ್ಟು ಎಷ್ಟು ಜಾಸ್ತಿಯಾಯಿತು ನೋಡಿ ಅನ್ನುವ ಲೆಕ್ಕ. 1662ರ ಈ ಅಂಗಡಿ ಲೆಕ್ಕವೇ ಅದು, ಒಂದಿಷ್ಟೂ ಬೇರೆ ಅಲ್ಲ. ಪುಸ್ತಕ ಬಂದು ಮೂರು ವರ್ಷಕ್ಕೆ, 1665ರಲ್ಲಿ, ಲಂಡನ್ನಿಗೆ ಮತ್ತೆ ಪ್ಲೇಗ್ ಬಂತು. ಪಟ್ಟಿಯಲ್ಲಿ ಒಟ್ಟು 97,306 ಸಾವು, ಪ್ಲೇಗಿನದ್ದು 68,596. ಉಳಿದ 28,710ನ್ನು ನೋಡಿದರೆ ಗ್ರಾಂಟ್ ಓದಿದವರಿಗೆ ಅರ್ಥವಾಗುತ್ತಿತ್ತು.

36 ಬಂದದ್ದು ಎಲ್ಲಿಂದ

ಈಗ ವಯಸ್ಸಿನ ವಿಷಯ. ಪಟ್ಟಿಯಲ್ಲಿ ವಯಸ್ಸು ಇರಲಿಲ್ಲ ಅಂದೆನಲ್ಲ. ಆದರೂ ಅವನಿಗೆ ತಿಳಿಯಬೇಕಾಗಿತ್ತು: ಹುಟ್ಟಿದ ನೂರು ಮಕ್ಕಳಲ್ಲಿ ಆರು ವರ್ಷ ತುಂಬುವ ಮೊದಲು ಎಷ್ಟು ಸಾಯುತ್ತಾರೆ?

ಅವನು ಕಾಯಿಲೆಯ ಹೆಸರಿನಲ್ಲೇ ವಯಸ್ಸನ್ನು ಹುಡುಕಿದ. ಹಲ್ಲು, ಹುಳ, ಸೆಳವು, ರಿಕೆಟ್ಸ್, ಬಾಯಿಹುಣ್ಣು, ಹುಟ್ಟುವಾಗಲೇ ಸತ್ತದ್ದು, ತಾಯಿಯ ಮೈಕೆಳಗೆ ಸಿಕ್ಕಿ ಸತ್ತದ್ದು. ಇವೆಲ್ಲ ಎಳೆಮಕ್ಕಳಿಗೇ ಬರುವಂಥವು. ಕೂಡಿದ: 71,124. ಆಮೇಲೆ ಸಿಡುಬು, ದಡಾರದಂಥ ಕಾಯಿಲೆಗಳು: 12,210. ಇವು ದೊಡ್ಡವರಿಗೂ ಬರುತ್ತವೆ, ಮಕ್ಕಳಿಗೂ ಬರುತ್ತವೆ. ಅರ್ಧ ಮಕ್ಕಳದ್ದು ಅಂತ ಇಟ್ಟುಕೊಂಡ. ಅಂದರೆ 6,105. ಎರಡೂ ಸೇರಿ 77,229. ಒಟ್ಟು ಸಾವಿನಲ್ಲಿ ಇದು ಮೂರರಲ್ಲಿ ಒಂದು ಪಾಲು. ಆದರೆ ಒಟ್ಟು ಸಾವಿನಲ್ಲಿ ಪ್ಲೇಗಿನ 16 ಸಾವಿರ ಸೇರಿದೆ. ಅದು ಎಂದೋ ಒಮ್ಮೆ ಬರುವ ಮಾರಿ, ಅದನ್ನು ಮಾಮೂಲಿ ಲೆಕ್ಕದಲ್ಲಿ ಇಡಬಾರದು ಅಂತ ತೆಗೆದ. ಉಳಿದ 2,13,000 ಚಿಲ್ಲರೆಗೆ ಭಾಗಿಸಿದರೆ ನೂರಕ್ಕೆ 36.

ನೂರಕ್ಕೆ 36! ಕಾಗದ ಪೆನ್ಸಿಲ್ ಹಿಡಿದು ಈ ಲೆಕ್ಕವನ್ನು ನಾನೂ ಮಾಡಿ ನೋಡಿದೆ. ಅವನು ಇಟ್ಟುಕೊಂಡ 'ಅರ್ಧ' ತಪ್ಪಾಗಿ ಅದು ಮುಕ್ಕಾಲು ಆಗಿದ್ದರೂ ಉತ್ತರ ಒಂದೆರಡು ಅಂಕಿ ಮಾತ್ರ ಮೇಲೆ ಹೋಗುತ್ತದೆ. ಊಹೆ ಎಲ್ಲಿ ಮಾಡಿದರೆ ಲೆಕ್ಕ ಕೆಡುವುದಿಲ್ಲ ಅನ್ನುವ ಅಂದಾಜು ಅವನಿಗೆ ಇತ್ತು.

ಆದರೆ ಇದರ ಮುಂದಿನ ಹೆಜ್ಜೆಯಲ್ಲಿ ಅವನು ಸ್ವಲ್ಪ ಜಾಸ್ತಿಯೇ ಧೈರ್ಯ ಮಾಡಿದ. 6 ವರ್ಷಕ್ಕೆ ಬದುಕಿ ಉಳಿದವರು 64. ಮುದುಕರಾಗುವವರು ಎಲ್ಲೋ ಒಬ್ಬರು, ಅದಕ್ಕೆ 76ನೇ ವಯಸ್ಸಿಗೆ 1 ಅಂತ ಇಟ್ಟ. ನಡುವೆ ಏನಾಗುತ್ತದೆ ಅಂತ ತಿಳಿಯಲು ಅವನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ 64ರಿಂದ 1ರವರೆಗೆ ಒಂದೇ ಪ್ರಮಾಣದಲ್ಲಿ ಇಳಿಯುವಂತೆ ಸಂಖ್ಯೆ ಹೊಂದಿಸಿದ. 16 ವರ್ಷಕ್ಕೆ 40 ಜನ, 26ಕ್ಕೆ 25, 36ಕ್ಕೆ 16, 46ಕ್ಕೆ 10, 56ಕ್ಕೆ 6, 66ಕ್ಕೆ 3, 76ಕ್ಕೆ 1, 80ಕ್ಕೆ ಸೊನ್ನೆ. ಪ್ರತಿ ಹತ್ತು ವರ್ಷಕ್ಕೆ ಎಂಟರಲ್ಲಿ ಐದು ಪಾಲು ಉಳಿಯುತ್ತಾರೆ ಅನ್ನುವ ಹಾಗೆ. ಕೊನೆಯ ಎರಡು ಮೂರು ಸಂಖ್ಯೆ ಮಾತ್ರ ಕೈಯಿಂದ ತಿದ್ದಿದಂತಿದೆ.

ಇದು ಕಂಡ ಲೆಕ್ಕ ಅಲ್ಲ, ಕಟ್ಟಿದ ಲೆಕ್ಕ. ಅವನದೇ ಪುಸ್ತಕದ ಇನ್ನೊಂದು ಜಾಗದಲ್ಲಿ 'ಮುಪ್ಪು' ಅನ್ನುವ ಸಾಲಿನಲ್ಲಿ 15,757 ಜನ ಇದ್ದಾರೆ. ನೂರಕ್ಕೆ ಹತ್ತಿರ ಹತ್ತಿರ 7. ಮುಪ್ಪು ಅಂದರೆ 70 ದಾಟಿದವರು ಅಂತ ಅವನೇ ಹೇಳುತ್ತಾನೆ. ಕೋಷ್ಟಕದಲ್ಲಿ ನೋಡಿದರೆ 66ಕ್ಕೇ 3 ಜನ! ಬೇರೆಯವರ ಪಟ್ಟಿಯಲ್ಲಿ ಇಂಥದ್ದು ಕಂಡಿದ್ದರೆ ಅವನು ಬಿಡುತ್ತಿರಲಿಲ್ಲ. ತನ್ನ ಲೆಕ್ಕವನ್ನು ತಾಳೆ ನೋಡುವುದು ಯಾರಿಗಾದರೂ ಕಷ್ಟವೇ.

ಆದರೂ ಈ ಕೋಷ್ಟಕಕ್ಕೆ ಬೆಲೆ ಇದೆ. ನೂರು ಜನರನ್ನು ಒಟ್ಟಿಗೆ ಹುಟ್ಟಿಸಿ, ಹತ್ತು ಹತ್ತು ವರ್ಷಕ್ಕೆ ಎಷ್ಟು ಉಳಿದರು ಅಂತ ಎಣಿಸುತ್ತ ಹೋಗುವುದು, ಈ ಆಕಾರವನ್ನು ಅವನಿಗಿಂತ ಮೊದಲು ಯಾರೂ ಬರೆದಿರಲಿಲ್ಲ. ಇವತ್ತು ಎಲ್‌ಐಸಿ ಏಜೆಂಟ್ ಹೇಳುವ ಪ್ರೀಮಿಯಂ ಹಿಂದೆ ಇರುವುದೂ ಇದೇ ಆಕಾರದ ಕೋಷ್ಟಕ. ಒಳಗಿನ ಅಂಕಿ ಮಾತ್ರ ನಿಜವಾದದ್ದು.

ಮೂರು ದಾರಿ ಹಿಡಿದು ಒಂದೇ ಊರಿಗೆ

ಲಂಡನ್ನಿನಲ್ಲಿ ಎಷ್ಟು ಜನ ಇದ್ದಾರೆ? ದೊಡ್ಡ ದೊಡ್ಡ ಮನುಷ್ಯರು ಲಕ್ಷದ ಮಾತೇ ಆಡದೆ ಹತ್ತು ಲಕ್ಷ, ಇಪ್ಪತ್ತು ಲಕ್ಷ ಅಂತ ಹೇಳುತ್ತಿದ್ದರಂತೆ. ಗ್ರಾಂಟ್‌ಗೆ ನಂಬಿಕೆ ಬರಲಿಲ್ಲ. ಆದರೆ ಎಣಿಸಲು ಭಯ. ಬೈಬಲ್ಲಿನಲ್ಲಿ ದಾವೀದ ರಾಜ ತನ್ನ ಜನರನ್ನು ಎಣಿಸಿದ್ದಕ್ಕೆ ದೇವರು ಮಾರಿಯನ್ನು ಕಳಿಸಿದ ಕತೆ ಇದೆ. ಆ ಕತೆಗೆ ಹೆದರಿ ಬಹಳ ದಿನ ಸುಮ್ನೆ ಇದ್ದೆ ಅಂತ ಅವನೇ ಬರೆದಿದ್ದಾನೆ. ನಮ್ಮಲ್ಲೂ ಊಟಕ್ಕೆ ಕೂತವರ ತಲೆ ಎಣಿಸಿದರೆ ಅಜ್ಜಿಯರು ಗದರುತ್ತಾರೆ, ದೃಷ್ಟಿಯಾಗುತ್ತದೆ ಅಂತ.

ಕೊನೆಗೆ ಹೊರಟ. ಮನೆ ಮನೆಗೆ ಹೋಗಿ ಎಣಿಸುವ ಅಧಿಕಾರ ಅವನಿಗಿಲ್ಲ. ಇದ್ದದ್ದನ್ನು ಹಿಡಿದು ಹೊರಡಬೇಕು.

ಮೊದಲ ದಾರಿ ಹುಟ್ಟು. ಇಲ್ಲೊಂದು ತೊಡಕಿತ್ತು. 1640ರ ದಶಕದಿಂದ ಈಚೆಗೆ ಪಟ್ಟಿಯಲ್ಲಿ ದೀಕ್ಷಾಸ್ನಾನದ ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಮಕ್ಕಳು ಹುಟ್ಟುವುದೇ ಕಡಿಮೆಯಾಯಿತಾ? ಗ್ರಾಂಟ್ ಇನ್ನೊಂದು ಸಾಲು ನೋಡಿದ: ಹೆರಿಗೆಯಲ್ಲಿ ಸತ್ತ ಹೆಂಗಸರು. ಅದು ಇಳಿದಿರಲಿಲ್ಲ. ಹೆರಿಗೆ ಸಾವು ಹಾಗೇ ಇದೆ ಅಂದರೆ ಹೆರಿಗೆಯೂ ಹಾಗೇ ಇದೆ. ಇಳಿದದ್ದು ಚರ್ಚಿಗೆ ಹೋಗುವವರು. ಅಂತರ್ಯುದ್ಧದ ಕಾಲ, ಮತದ ಜಗಳ. ಎಷ್ಟೋ ಜನ ಮಗುವನ್ನು ಆ ಚರ್ಚಿಗೆ ಒಯ್ಯುತ್ತಲೇ ಇರಲಿಲ್ಲ. ಹೀಗೆ ತಿದ್ದಿಕೊಂಡು ವರ್ಷಕ್ಕೆ 12 ಸಾವಿರ ಹುಟ್ಟು ಅಂತ ಹಿಡಿದ. ಹೆರುವ ವಯಸ್ಸಿನ ಹೆಂಗಸರು ಎರಡು ವರ್ಷಕ್ಕೊಮ್ಮೆ ಹೆರುತ್ತಾರೆ, ಅಂದರೆ ಅವರು 24 ಸಾವಿರ. ಒಟ್ಟು ಸಂಸಾರಗಳು ಅದರ ಎರಡರಷ್ಟು, 48 ಸಾವಿರ. ಒಂದು ಮನೆಗೆ ಗಂಡ, ಹೆಂಡತಿ, ಮೂರು ಮಕ್ಕಳು, ಮೂರು ಜನ ಆಳು ಅಥವಾ ಬಾಡಿಗೆಯವರು, ಎಂಟು ತಲೆ. 3,84,000.

ಎರಡನೇ ದಾರಿ ಸಾವು. ಕೆಲವು ಕೇರಿಗಳಲ್ಲಿ ವಿಚಾರಿಸಿದ. 11 ಮನೆಗಳಲ್ಲಿ ವರ್ಷಕ್ಕೆ 3 ಸಾವು ಅಂತ ಬಂತು. ಊರಲ್ಲಿ ವರ್ಷಕ್ಕೆ 13 ಸಾವಿರ ಸಾವು. ಹಾಗಿದ್ದರೆ ಮನೆಗಳು? 48 ಸಾವಿರದ ಹತ್ತಿರ.

ಮೂರನೇ ದಾರಿ ನನಗೆ ಬಹಳ ಇಷ್ಟ. 1658ರಲ್ಲಿ ರಿಚರ್ಡ್ ನ್ಯೂಕೋರ್ಟ್ ಅನ್ನುವವನು ಲಂಡನ್ನಿನ ನಕ್ಷೆ ತೆಗೆದಿದ್ದ. ಗ್ರಾಂಟ್ ಆ ನಕ್ಷೆಯನ್ನು ನೂರು ಗಜದ ಚೌಕಗಳಾಗಿ ನೋಡಿದ. ಮನೆಯ ಮುಖ 20 ಅಡಿ ಅಗಲ ಅಂದರೆ ನೂರು ಗಜದ ಒಂದು ಬದಿಯಲ್ಲಿ 15 ಮನೆ. ಎರಡು ಬದಿಗೆ 15ರಂತೆ, ಮೂಲೆ ಬಿಟ್ಟು ಉಳಿದ ಎರಡು ಬದಿಗೆ 12ರಂತೆ, ಒಟ್ಟು 54. ಕೋಟೆಯೊಳಗೆ ಇಂಥ 220 ಚೌಕ. ಅಂದರೆ 11,880 ಸಂಸಾರ. ಊರಿನ 13 ಸಾವಿರ ಸಾವಿನಲ್ಲಿ ಕೋಟೆಯೊಳಗಿನದ್ದು 3,200, ಅಂದರೆ ಕಾಲು ಭಾಗ. ಹಾಗಾಗಿ ಊರೆಲ್ಲ ಸೇರಿ ಇದರ ನಾಲ್ಕರಷ್ಟು: 47,520.

48,000. 48,000ದ ಹತ್ತಿರ. 47,520. ಹುಟ್ಟು, ಸಾವು, ನಕ್ಷೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಡೆಯಿಂದ ಬಂದು ಲೆಕ್ಕ ಒಂದೇ ಬಾಗಿಲಿಗೆ ನಿಂತಿತು. ಇಷ್ಟು ಚೆನ್ನಾಗಿ ಕೂಡಿ ಬಂದದ್ದರಲ್ಲಿ ಅಲ್ಲಿ ಇಲ್ಲಿ ಸ್ವಲ್ಪ ಒತ್ತಿ ಕೂರಿಸಿದ್ದೂ ಇರಬಹುದು ಅಂತ ನನಗೆ ಗುಮಾನಿ. ಎಂಟು ತಲೆ, ಹನ್ನೊಂದಕ್ಕೆ ಮೂರು, ಇವನ್ನೆಲ್ಲ ಬೇರೆ ಯಾರೂ ಹೋಗಿ ನೋಡಿ ಬಂದಿರಲಿಲ್ಲ. ಆದರೆ ಉತ್ತರ ತಪ್ಪಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಮತ್ತು ಸುತ್ತಲಿನ ಊರು ಸೇರಿಸಿ ಅವನು 4,60,000 ಅಂತ ಹೇಳಿದ. ಈಗಿನ ಇತಿಹಾಸಕಾರರು 1650ರ ಲಂಡನ್ನಿಗೆ ಹೇಳುವುದು 4 ಲಕ್ಷದ ಆಸುಪಾಸು. ಇಪ್ಪತ್ತು ಲಕ್ಷದ ಮಾತು ಅಲ್ಲಿಗೆ ಮುಗಿಯಿತು.

ಗಂಡು ಹೆಣ್ಣಿನ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. 1629ರಿಂದ 1661ರವರೆಗೆ ದೀಕ್ಷಾಸ್ನಾನವಾದ ಗಂಡು ಮಕ್ಕಳು 1,39,782, ಹೆಣ್ಣು ಮಕ್ಕಳು 1,30,866. ಗಂಡು ಸ್ವಲ್ಪ ಜಾಸ್ತಿ ಹುಟ್ಟುತ್ತವೆ, ಅದೂ ವರ್ಷ ವರ್ಷವೂ ಹೆಚ್ಚೂಕಡಿಮೆ ಅದೇ ಪ್ರಮಾಣದಲ್ಲಿ. ಒಂದು ಮನೆಯಲ್ಲಿ ಹುಟ್ಟುವುದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ. ಊರು ಪೂರ್ತಿ ಕೂಡಿದರೆ ಗೊತ್ತು! ಇದರಿಂದ ಅವನು, ಒಬ್ಬನಿಗೆ ಒಬ್ಬಳೇ ಹೆಂಡತಿ ಅನ್ನುವ ತನ್ನ ಧರ್ಮವೇ ಸರಿ ಅಂತ ತೀರ್ಮಾನಕ್ಕೆ ಹಾರಿದ. ಅವನ ಅನುಮಾನದ ಬುದ್ಧಿ ಆ ಪುಟದಲ್ಲಿ ರಜೆ ಹಾಕಿತ್ತು.

ಪುಸ್ತಕ ಬಂದ ಮೇಲೆ

1662ರ ಫೆಬ್ರವರಿ 5ರಂದು ಗ್ರಾಂಟ್ ತನ್ನ ಪುಸ್ತಕದ 50 ಪ್ರತಿಗಳನ್ನು ರಾಯಲ್ ಸೊಸೈಟಿಗೆ, ಅಂದರೆ ಲಂಡನ್ನಿನ ವಿಜ್ಞಾನಿಗಳ ಸಂಘಕ್ಕೆ, ಕೊಟ್ಟ. ಅದೇ ತಿಂಗಳು 26ಕ್ಕೆ ಅವನನ್ನು ಸದಸ್ಯನಾಗಿ ತೆಗೆದುಕೊಂಡರು. ಅಂಗಡಿಯವನನ್ನು ಸೇರಿಸಿಕೊಳ್ಳಬಹುದಾ ಅನ್ನುವ ಪ್ರಶ್ನೆಗೆ ರಾಜ ಎರಡನೇ ಚಾರ್ಲ್ಸ್, ಇಂಥ ವ್ಯಾಪಾರಿಗಳು ಇನ್ನೂ ಸಿಕ್ಕಿದರೆ ತಡ ಮಾಡದೆ ಎಲ್ಲರನ್ನೂ ಸೇರಿಸಿಕೊಳ್ಳಿ ಅಂದನಂತೆ. ಸೊಸೈಟಿಯ ಇತಿಹಾಸ ಬರೆದ ಥಾಮಸ್ ಸ್ಪ್ರ್ಯಾಟ್ ಹೇಳುವ ಮಾತು ಇದು.

ಪುಸ್ತಕ ಕಡಲು ದಾಟಿತು. 1669ರಲ್ಲಿ ಡಚ್ಚರ ಹೈಗನ್ಸ್ ಅಣ್ಣತಮ್ಮಂದಿರು ಆ ಕೋಷ್ಟಕದ ಮೇಲೆ ಪತ್ರ ಬರೆದುಕೊಂಡರು. ತಮ್ಮ ಲೋಡ್‌ವೈಕ್ ಲೆಕ್ಕ ಹಾಕಿ, ಹುಟ್ಟಿದ ಮಗು ಸರಾಸರಿ 18 ವರ್ಷ 2 ತಿಂಗಳು ಬದುಕುತ್ತದೆ ಅಂದ. ಅಣ್ಣ ಕ್ರಿಸ್ಟಿಯಾನ್, ಗಡಿಯಾರದ ಪೆಂಡುಲಂ ಮಾಡಿದವನು, ಇರಪ್ಪ, ಸರಾಸರಿ ಬೇರೆ, ಅರ್ಧ ಜನ ಎಷ್ಟರೊಳಗೆ ಸಾಯುತ್ತಾರೆ ಅನ್ನುವುದು ಬೇರೆ ಅಂತ ತೋರಿಸಿದ. ಅದು 11 ವರ್ಷ ಚಿಲ್ಲರೆ. ಸರಾಸರಿ, ಮಧ್ಯಾಂಕ ಅಂತ ಪಿಯುಸಿಯಲ್ಲಿ ಓದುತ್ತೇವಲ್ಲ, ಆ ಎರಡು ಬೇರೆ ಅಂತ ಮನುಷ್ಯರ ಆಯಸ್ಸಿನ ಮೇಲೆ ಜಗಳ ಆಡಿ ತಿಳಿದುಕೊಂಡದ್ದು ಹೀಗೆ. 1693ರಲ್ಲಿ ಧೂಮಕೇತುವಿನ ಎಡ್ಮಂಡ್ ಹ್ಯಾಲಿ ಬ್ರೆಸ್ಲಾವ್ ಅನ್ನುವ ಊರಿನ ಲೆಕ್ಕ ತೆಗೆದುಕೊಂಡ. ಅಲ್ಲಿ ಸತ್ತವರ ವಯಸ್ಸು ಬರೆದಿಟ್ಟಿದ್ದರು, ಹೊರಗಿನಿಂದ ಬಂದು ಸೇರುವವರೂ ಕಡಿಮೆ. ಗ್ರಾಂಟ್ ಊಹಿಸಿದ್ದ ಜಾಗದಲ್ಲಿ ಹ್ಯಾಲಿ ಅಂಕಿ ತುಂಬಿದ. ಎಷ್ಟು ವಯಸ್ಸಿನವರಿಗೆ ವರ್ಷಾಶನ ಎಷ್ಟಕ್ಕೆ ಮಾರಬೇಕು ಅಂತಲೂ ಹೇಳಿದ. 1710ರಲ್ಲಿ ಜಾನ್ ಆರ್ಬತ್‌ನಾಟ್, ಲಂಡನ್ನಿನಲ್ಲಿ 82 ವರ್ಷ ಒಂದೂ ತಪ್ಪದೆ ಗಂಡು ಜಾಸ್ತಿ ಹುಟ್ಟಿವೆ, ಇದು ನಾಣ್ಯ ಚಿಮ್ಮಿದ ಹಾಗೆ ಸುಮ್ನೆ ಆಗುವ ಮಾತಲ್ಲ ಅಂತ ಲೆಕ್ಕ ಮಾಡಿ ತೋರಿಸಿದ.

'ಸ್ಟಾಟಿಸ್ಟಿಕ್ಸ್' ಅನ್ನುವ ಹೆಸರು ಬಂದದ್ದು ಬಹಳ ಆಮೇಲೆ, ಅದೂ ಜರ್ಮನಿಯಿಂದ. 1749ರಲ್ಲಿ ಗಾಟ್‌ಫ್ರೀಡ್ ಆಖೆನ್‌ವಾಲ್ ಅದನ್ನು ಬಳಸಿದಾಗ ರಾಜ್ಯದ ವಿವರಣೆ ಅಂತ ಅರ್ಥ, ಅಂಕಿಗಳ ಮಾತೇ ಕಡಿಮೆ. ಈ ಹೆಸರೂ ಗ್ರಾಂಟ್‌ನ ಲೆಕ್ಕವೂ ಒಂದಾಗಲು ಇನ್ನೂ ಕಾಲ ಬೇಕಾಯಿತು. ನಮ್ಮ ಕರ್ನಾಟಕದಲ್ಲಿ ಅವೆರಡೂ ಒಂದೇ ಕಚೇರಿಯಲ್ಲಿ ಕೂತಿವೆ: ರಾಜ್ಯದ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿ ಯಾರು ಅಂದರೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರು.

ಹ್ಯಾಲಿ ತನ್ನ ಲೇಖನದಲ್ಲಿ ಗ್ರಾಂಟ್‌ನ ಪುಸ್ತಕವನ್ನು ವಿಲಿಯಂ ಪೆಟಿಯ ಹೆಸರಿಗೆ ಬರೆದ. ಪೆಟಿ ಗ್ರಾಂಟ್‌ನ ಗೆಳೆಯ. ಗ್ರೆಶಮ್ ಕಾಲೇಜಿನಲ್ಲಿ ಅವನಿಗೆ ಸಂಗೀತದ ಪ್ರೊಫೆಸರ್ ಹುದ್ದೆ ಸಿಗುವಂತೆ ಮಾಡಿದ್ದೇ ಗ್ರಾಂಟ್. (ಪೆಟಿ ವೈದ್ಯ. ಸಂಗೀತಕ್ಕೂ ಅವನಿಗೂ ಏನು ಸಂಬಂಧ ಅಂತ ಕೇಳಬೇಡಿ, ಆಗಲೂ ಹಾಗೇ ನಡೆಯುತ್ತಿತ್ತು.) ಪೆಟಿ ಆಮೇಲೆ ಸರ್ ಆದ, ಐರ್ಲೆಂಡಿನಲ್ಲಿ ಜಮೀನು ಮಾಡಿದ, 'ರಾಜಕೀಯ ಅಂಕಗಣಿತ' ಅಂತ ಹೊಸ ಶಾಸ್ತ್ರಕ್ಕೆ ಹೆಸರಿಟ್ಟ. ಪುಸ್ತಕ ನಿಜಕ್ಕೂ ಯಾರದು ಅನ್ನುವ ಜಗಳ ಇನ್ನೂರು ಮುನ್ನೂರು ವರ್ಷ ನಡೆದಿದೆ. ಪುಸ್ತಕದಲ್ಲಿ ಲಂಡನ್ನಿನ ಜೊತೆ ಹೋಲಿಸಲು ತೆಗೆದುಕೊಂಡ ಹಳ್ಳಿಗಾಡಿನ ಪ್ಯಾರಿಷ್, ಹ್ಯಾಂಪ್‌ಶೈರಿನ ರಾಮ್ಸಿ, ಪೆಟಿ ಹುಟ್ಟಿದ ಊರು. ಅಷ್ಟರಮಟ್ಟಿಗೆ ಗೆಳೆಯ ಕೈಜೋಡಿಸಿರಬೇಕು. ಆದರೆ ಪೆಟಿಯ ಬೇರೆ ಬರಹ ಓದಿದರೆ ಅಂಕಿಗಳನ್ನು ಅವನು ಧಾರಾಳವಾಗಿ ಎರಚುತ್ತಾನೆ. ಎರಡು ಗ್ರೋಟ್ ಲಂಚದ ವಾಸನೆ ಹಿಡಿಯುವ ಮೂಗು ಅವನದಲ್ಲ ಅಂತ ನನ್ನ ಅನಿಸಿಕೆ.

ಗ್ರಾಂಟ್‌ನ ಕೊನೆಗಾಲ ಚೆನ್ನಾಗಿರಲಿಲ್ಲ. 1666ರ ಸೆಪ್ಟೆಂಬರ್ 2ರಂದು ಹತ್ತಿದ ಬೆಂಕಿ ಲಂಡನ್ನನ್ನು ಸುಟ್ಟಿತು, ಅವನ ಮನೆಯೂ ಹೋಯಿತು. ಅವನು ಕ್ಯಾಥಲಿಕ್ ಮತಕ್ಕೆ ಸೇರಿದ. ಆ ಕಾಲದ ಲಂಡನ್ನಿನಲ್ಲಿ ಅದು ಸಣ್ಣ ಮಾತಲ್ಲ. ವ್ಯಾಪಾರ ನಿಂತಿತು. 1674ರ ಏಪ್ರಿಲ್ 18ರಂದು ಕಾಮಾಲೆಯಿಂದ ಸತ್ತ. ಫ್ಲೀಟ್ ಸ್ಟ್ರೀಟಿನ ಸೇಂಟ್ ಡನ್‌ಸ್ಟನ್ ಚರ್ಚಿನಲ್ಲಿ ಹೂಳಿದರು. ಪೆಟಿ ಕಣ್ಣೀರು ಹಾಕಿಕೊಂಡು ನಿಂತಿದ್ದ.

ಸತ್ತ ಮೇಲೂ ಒಂದು ಮಾತು ಅವನಿಗೆ ಅಂಟಿಕೊಂಡಿತು. ಬೆಂಕಿಗೆ ಕ್ಯಾಥಲಿಕರೇ ಕಾರಣ ಅಂತ ಊರೆಲ್ಲ ಗುಲ್ಲೆದ್ದಿತ್ತಲ್ಲ. ಗ್ರಾಂಟ್ ಊರಿಗೆ ನೀರು ಕೊಡುವ ನ್ಯೂ ರಿವರ್ ಕಂಪನಿಯಲ್ಲಿದ್ದ. ಬೆಂಕಿಯ ಹಿಂದಿನ ದಿನ ಶನಿವಾರ ಇಸ್ಲಿಂಗ್ಟನ್ನಿಗೆ ಹೋಗಿ, ನೀರಿನ ಕೊಳಾಯಿಗಳನ್ನೆಲ್ಲ ತಿರುಗಿಸಿ ಮುಚ್ಚಿ, ಬೀಗದ ಕೈ ತೆಗೆದುಕೊಂಡು ಹೋದ, ಅದಕ್ಕೇ ಬೆಂಕಿ ಆರಿಸಲು ನೀರು ಸಿಗಲಿಲ್ಲ ಅಂತ ಕತೆ. ಬಿಷಪ್ ಗಿಲ್ಬರ್ಟ್ ಬರ್ನೆಟ್ ತನ್ನ ಇತಿಹಾಸದಲ್ಲಿ ಇದನ್ನು ಬರೆದೂ ಬಿಟ್ಟ. 1724ರಲ್ಲಿ ಅದು ಅಚ್ಚಾಯಿತು. ಗ್ರಾಂಟ್ ಸತ್ತು 50 ವರ್ಷ, ಅಲ್ಲಗಳೆಯಲು ಅವನು ಇರಲಿಲ್ಲ.

ಆಮೇಲೆ ಲಂಡನ್ನಿನ ಇತಿಹಾಸ ಬರೆದ ವಿಲಿಯಂ ಮೈಟ್‌ಲ್ಯಾಂಡ್ ಕಂಪನಿಯ ಪುಸ್ತಕ ತೆಗೆಸಿ ನೋಡಿದ. ಗ್ರಾಂಟ್ ಕಂಪನಿಯ ಆಡಳಿತಕ್ಕೆ ಸೇರಿದ ದಿನ ಅದರಲ್ಲಿ ಬರೆದಿತ್ತು: 1666ರ ಸೆಪ್ಟೆಂಬರ್ 25. ಬೆಂಕಿ ಹತ್ತಿ 23 ದಿನ ಆಗಿತ್ತು.